ಕೆಲಗೇರಿ ಕೆರೆಗೆ ಹೋಗಲು ರಜೆ ಬೇಕಿಲ್ಲ

‘ಕ್ಯಾಮೆರಾ ತಗೊಂಡು ಎರಡ್ ವರ್ಷ ಆತ್ರಿ, ಟೈಮೇ ಸಿಗವಲ್ದು.’ ಹುಬ್ಬಳ್ಳಿ–ಧಾರವಾಡದ ನೌಕರದಾರರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ಅದರ ಹಿಂದೆ ಒಂದು ನಂಬಿಕೆ ಬೇರೂರಿದೆ: ನಿಸರ್ಗದ ಚಿತ್ರ ತೆಗೆಯಬೇಕೆಂದರೆ ದಾಂಡೇಲಿಗೋ ಕಬಿನಿಗೋ ಹೋಗಬೇಕು, ಅದಕ್ಕೆ ನಾಲ್ಕು ದಿನ ರಜೆ ಹಾಕಬೇಕು. ಇದನ್ನು ನಾನು ಒಪ್ಪುವುದಿಲ್ಲ.

ಬೆಳಕಿನ ಲೆಕ್ಕವನ್ನೇ ನೋಡಿ. ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 7ರ ಸುಮಾರಿಗೆ, ಮೇ ತಿಂಗಳಲ್ಲಿ 6ಕ್ಕೆ. ಹಕ್ಕಿಯ ಒಂದೊಂದು ಗರಿಯನ್ನೂ ಬಿಡಿಸಿ ತೋರಿಸುವುದು ಆ ಮೊದಲ ತಾಸಿನ ಓರೆಬಿಸಿಲು. ಹೊತ್ತು ಏರಿದಂತೆ ನೆರಳು ಕಪ್ಪಾಗುತ್ತದೆ, ಬಣ್ಣ ಸಾಯುತ್ತದೆ. ಆಫೀಸು ಕೇಳುವುದು ಕ್ಯಾಮೆರಾಕ್ಕೆ ಬೇಡವಾದ ಹೊತ್ತನ್ನೇ.

ಇನ್ನು ಜಾಗದ ಮಾತು. ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ಒಂದು ಒಣಕೊಂಬೆ ನೀರಿನತ್ತ ಬಾಗಿತ್ತು. ಅದರ ಕೆಳಗಿನ ಕಲ್ಲಿಗೆಲ್ಲ ಬಿಳಿ ಹಿಕ್ಕೆ. ಮೂರು ದಿನ ಹಾಗೇ ದಾಟಿ ಹೋಗಿದ್ದೆ. ನಾಲ್ಕನೆಯ ದಿನ ಹೊಳೆಯಿತು, ಇದು ಮಿಂಚುಳ್ಳಿಯ ಠಾವು. ಕಾದು ನಿಂತೆ. ನೀರಿಗೆ ಧುಮುಕಿದ ಹಕ್ಕಿ ಮೀನು ಕಚ್ಚಿಕೊಂಡು ಅದೇ ಕೊಂಬೆಗೆ ಮರಳಿತು. ಮೀನನ್ನು ಅತ್ತ ಇತ್ತ ಬಡಿದು, ಕೊಕ್ಕಿನಲ್ಲೇ ಹೊರಳಿಸಿಕೊಂಡು ತಲೆಯ ಕಡೆಯಿಂದ ನುಂಗಿತು. ಹಾಗೆ ನುಂಗಿದರೆ ಮುಳ್ಳು ಗಂಟಲಿಗೆ ಚುಚ್ಚುವುದಿಲ್ಲ. ನಾನು ಅಲ್ಲಿದ್ದದ್ದು ಇಪ್ಪತ್ತು ನಿಮಿಷ. ಜೀಪಿನಲ್ಲಿ ಒಮ್ಮೆ ಹಾದುಹೋಗುವವರಿಗೆ ಆ ಹಿಕ್ಕೆಯ ಗುರುತು ಏನನ್ನೂ ಹೇಳದು. ಒಂದೇ ಕೆರೆಗೆ ಮತ್ತೆ ಮತ್ತೆ ಹೋಗುವವರಿಗೆ ಮಾತ್ರ ಹಕ್ಕಿಯ ದಿನಚರಿ ತಿಳಿಯುತ್ತದೆ. ಚಿತ್ರ ಹುಟ್ಟುವುದೂ ಆ ಪರಿಚಯದಿಂದಲೇ.

ಲೇಖಕ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ತೋಟ ನೋಡಿಕೊಳ್ಳುತ್ತ, ಬರೆಯುತ್ತ, ತಮ್ಮ ಸುತ್ತಲಿನ ಹಕ್ಕಿಗಳ ಚಿತ್ರ ತೆಗೆದರು. ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದ ಸಂಡೂರಿನ ಎಂ.ವೈ. ಘೋರ್ಪಡೆಯವರು 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಪುರುಸೊತ್ತು ಇದ್ದವರಷ್ಟೇ ಈ ಕೆಲಸ ಮಾಡಿದ್ದಾರೆ ಎನ್ನುವಂತಿಲ್ಲ.

ಆದರೆ ‘ಲಗೂ ಏಳ್ರಿ’ ಎಂಬ ಬುದ್ಧಿವಾದವನ್ನು ನಾನು ಎಲ್ಲರಿಗೂ ಹೇಳಲಾರೆ. ಬೆಳಗಿನ ಏಳಕ್ಕೆ ಒಲೆಯ ಮುಂದೆ ನಿಂತು ಮಕ್ಕಳ ಡಬ್ಬಿ ಕಟ್ಟಿ, ಆಮೇಲೆ ತಾನೂ ಡ್ಯೂಟಿಗೆ ಓಡುವ ತಾಯಿಗೆ ಹಾಗೆನ್ನುವುದು ಅನ್ಯಾಯ. ಅಲ್ಲಿ ಸರಿಯಾಗಬೇಕಿರುವುದು ಮನೆಗೆಲಸದ ಹಂಚಿಕೆ. ವಾರಕ್ಕೆರಡು ದಿನ ಆ ಡಬ್ಬಿಯನ್ನು ಮನೆಯ ಇನ್ನೊಬ್ಬರು ಕಟ್ಟಲಿ. ಹುಬ್ಬಳ್ಳಿಯ ಉಣಕಲ್ ಕೆರೆ ಆಕೆಗೂ ಹತ್ತಿರವೇ ಇದೆ.