ಚೀಲದ ಹಿಂಬದಿಯ ಲೆಕ್ಕ

ಪುಣೆಯ ವಿಮಾನ ನಗರದ ಜಾಗರ್ಸ್ ಪಾರ್ಕ್ ಸುತ್ತಮುತ್ತ ಬೆಳಿಗ್ಗೆ ನಡೆದಾಡಿದರೆ, ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ಲ್ಯಾಬ್ರಡಾರ್‌ಗಳು ಎದುರಾಗುತ್ತವೆ. ಸಾಕಿದವರು ಪ್ರೀತಿಯಿಂದಲೇ ತಿನ್ನಿಸಿದ್ದಾರೆ. ಯಾವ ಡ್ರೈ ಫುಡ್ ಹಾಕುತ್ತೀರಿ ಎಂದು ಕೇಳಿ ನೋಡಿ, ಪ್ರೊಟೀನ್ ಶೇಕಡಾ ಎಷ್ಟೆಂದು ಥಟ್ಟನೆ ಹೇಳುತ್ತಾರೆ. ನೂರು ಗ್ರಾಮಿಗೆ ಕ್ಯಾಲೊರಿ ಎಷ್ಟೆಂದರೆ ಸುಮ್ಮನಾಗುತ್ತಾರೆ. ಅವರನ್ನು ದೂರಿ ಫಲವಿಲ್ಲ. ಎಷ್ಟೋ ಚೀಲಗಳ ಮೇಲೆ ಆ ಅಂಕಿಯೇ ಇರುವುದಿಲ್ಲ.

ಇಲ್ಲದಿದ್ದರೆ ನಾವೇ ಲೆಕ್ಕ ಹಾಕಬಹುದು. ಒಂದು ಚೀಲದಲ್ಲಿ ಪ್ರೊಟೀನ್ ಶೇ 20, ಕೊಬ್ಬು 10, ನಾರು 5, ತೇವಾಂಶ 12 ಎಂದಿದೆ ಎನ್ನೋಣ. ಖನಿಜದ ಬೂದಿಯನ್ನು ನಮೂದಿಸಿರದಿದ್ದರೆ ಅಂದಾಜು 8 ಎಂದು ಹಿಡಿಯಿರಿ. ಒಟ್ಟು 55 ಆಯಿತು, ಮಿಕ್ಕ 45 ಪಿಷ್ಟ. ಪ್ರೊಟೀನ್ ಮತ್ತು ಪಿಷ್ಟವನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ ಕೂಡಿದರೆ ನೂರು ಗ್ರಾಮಿಗೆ ಸುಮಾರು 312 ಕಿಲೊ ಕ್ಯಾಲೊರಿ. ಪ್ರೊಟೀನ್ 24, ಕೊಬ್ಬು 16, ನಾರು 4, ತೇವಾಂಶ 10 ಇರುವ ದುಬಾರಿ ಚೀಲಕ್ಕೆ ಇದೇ ಲೆಕ್ಕ ಹಾಕಿದರೆ 353 ಬರುತ್ತದೆ. ಸಂತಾನಹರಣ ಚಿಕಿತ್ಸೆಯಾದ, 30 ಕಿಲೊ ತೂಗುವ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 1,435 ಕಿಲೊ ಕ್ಯಾಲೊರಿ ಸಾಕು. ಮೊದಲನೆಯದಾದರೆ 460 ಗ್ರಾಂ, ಎರಡನೆಯದಾದರೆ 406 ಗ್ರಾಂ. ಆದರೆ ಮನೆಯಲ್ಲಿ ಅಳತೆಯ ಲೋಟ ಒಂದೇ. ಚೀಲ ಬದಲಾದರೂ ಲೋಟ ಬದಲಾಗುವುದಿಲ್ಲ, ನಾಯಿಯ ಹೊಟ್ಟೆಗೆ ದಿನವೂ 190ರಷ್ಟು ಕಿಲೊ ಕ್ಯಾಲೊರಿ ಹೆಚ್ಚಾಗಿ ಸೇರುತ್ತದೆ.

ಗುಣಮಟ್ಟದ ಮಾತು ಇನ್ನೂ ತೊಡಕಿನದು. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಅಳೆಯುವುದು ಸಾರಜನಕವನ್ನು; ಅದನ್ನು 6.25ರಿಂದ ಗುಣಿಸಿ ಪ್ರೊಟೀನ್ ಎನ್ನುತ್ತಾರೆ. ಅದು ಮಾಂಸದಿಂದ ಬಂತೋ ಜೋಳದ ಹಿಟ್ಟಿನಿಂದ ಬಂತೋ ಆ ಅಂಕಿ ಹೇಳದು. 2007ರಲ್ಲಿ ಚೀನಾದಿಂದ ಬಂದ ಸಾಕುಪ್ರಾಣಿ ಆಹಾರದ ಕಚ್ಚಾವಸ್ತುವಿನಲ್ಲಿ ಪ್ರೊಟೀನ್ ಹೆಚ್ಚು ಕಾಣಲೆಂದೇ ಸಾರಜನಕ ಹೆಚ್ಚಿರುವ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದರು. ಅದನ್ನು ತಿಂದು ಅಮೆರಿಕದಲ್ಲಿ ನಾಯಿ, ಬೆಕ್ಕುಗಳು ಮೂತ್ರಪಿಂಡ ಕೆಟ್ಟು ಸತ್ತವು. ಪದಾರ್ಥಗಳ ಪಟ್ಟಿಯ ಮೊದಲಲ್ಲಿ ‘ಕೋಳಿ’ ಎಂದಿದ್ದರೂ ಬೀಗಬೇಡಿ. ಹಸಿ ಕೋಳಿಯ ತೂಕದಲ್ಲಿ ಬಹುಪಾಲು ನೀರು, ಡ್ರೈ ಫುಡ್‌ನ ಕಾಳು ಒಣಗುವ ಹೊತ್ತಿಗೆ ಅದು ಹಾರಿಹೋಗಿರುತ್ತದೆ.

ಹೀಗಾಗಿ ನಾನು ನಂಬುವುದು ತಕ್ಕಡಿಯನ್ನು ಮತ್ತು ನಾಯಿಯ ಮೈಯನ್ನು. ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು. ತೆಳು ಮೈಯ ಮುಧೋಳದ ನಾಯಿಯನ್ನು ಹತ್ತಿರದಿಂದ ಕಂಡವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ತಿನ್ನಿಸಿದರು. ಕಡಿಮೆ ತಿಂದವು ಸುಮಾರು 13 ವರ್ಷ ಬದುಕಿದವು, ಉಳಿದವು 11.2 ವರ್ಷ. ಎರಡೂ ಗುಂಪಿಗೆ ಒಂದೇ ಆಹಾರ, ವ್ಯತ್ಯಾಸವಿದ್ದದ್ದು ಪ್ರಮಾಣದಲ್ಲಿ.

ಕ್ಯಾಲೊರಿ ನಮೂದಿಸದ ಚೀಲ ಎಷ್ಟೇ ದುಬಾರಿಯಾಗಿರಲಿ, ಅದನ್ನು ಒಳ್ಳೆಯ ಆಹಾರವೆಂದು ನಾನು ಒಪ್ಪುವುದಿಲ್ಲ.