ಹಿಟ್ಟಿನ ಕೋಳಿಯೂ ಟರ್ಕಿ ಕೋಳಿಯೂ

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ಓದುವವರಲ್ಲಿ ಒಂದು ಆಕ್ಷೇಪವು ಉಂಟು. ಯಶೋಧರನು ಚಂಡಿಕೆಗೆ ಒಪ್ಪಿಸಿದುದು ಹಿಟ್ಟಿನ ಕೋಳಿಯನ್ನು. ಅದಕ್ಕೆ ಪ್ರಾಣವಿಲ್ಲ, ನೋವಿಲ್ಲ. ಅಷ್ಟಕ್ಕಾಗಿ ಅವನೂ ತಾಯಿ ಚಂದ್ರಮತಿಯೂ ನವಿಲು, ನಾಯಿ ಮೊದಲಾದ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾದುದು ನ್ಯಾಯವೇ? ದಂಡವು ಅಪರಾಧವನ್ನು ಮೀರಿತೆಂದೂ, ಕವಿಯು ಕಾವ್ಯವನ್ನು ಮತಕ್ಕೆ ಒತ್ತೆಯಿಟ್ಟನೆಂದೂ ಹೇಳುವವರಿದ್ದಾರೆ.

ಕಥೆಯು ಜನ್ನನ ಸ್ವಕಲ್ಪಿತವಲ್ಲ. ಸೋಮದೇವಸೂರಿಯ ‘ಯಶಸ್ತಿಲಕಚಂಪೂ’ 959ರದು; ವಾದಿರಾಜನ ಸಂಸ್ಕೃತ ಕಾವ್ಯವು ಅದರ ಮುಂದಿನ ಶತಮಾನದ್ದು. ರೋಣ ಸೀಮೆಯ ನರೇಗಲ್ಲಿನಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿಯು ಬಸದಿಯನ್ನು ಕಟ್ಟಿಸಿದುದು 950ರಲ್ಲಿ. ಆ ಬಸದಿಗೂ ಸೋಮದೇವನ ಚಂಪುವಿಗೂ ಒಂಬತ್ತೇ ವರ್ಷಗಳ ಅಂತರ. ಎರಡೂ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದವು. ಆದುದರಿಂದ ರೋಣ, ನರಗುಂದ, ಗಜೇಂದ್ರಗಡಗಳ ಓದುಗರಿಗೆ ಈ ಅಹಿಂಸಾವಿಚಾರವು ದೂರದೇಶದ ಸರಕಲ್ಲ.

ಜೈನಶಾಸ್ತ್ರವು ಹಿಂಸೆಯನ್ನು ಕೈಯ ಕಾರ್ಯದಿಂದ ಮಾತ್ರವಲ್ಲದೆ ಮನಸ್ಸಿನ ಸಂಕಲ್ಪದಿಂದಲೂ ಅಳೆಯುವುದು. ಆದರೆ ಜನ್ನನ ಹಿರಿಮೆಯು ಶಾಸ್ತ್ರವನ್ನು ಒಪ್ಪಿಸಿದುದರಲ್ಲಿಲ್ಲ. ಅದು ಕೋಳಿಯ ಕೂಗಿನಲ್ಲಿರುವುದು. ಕತ್ತಿಯು ಬಿದ್ದಾಗ ಹಿಟ್ಟಿನ ಕೋಳಿಯು ಕೂಗುವುದು. ಕೊಲ್ಲಲೊಲ್ಲೆನೆಂದರೂ ಕೊಲ್ಲುವ ವಿಧಿಯನ್ನು ಬಿಡಲೊಲ್ಲದ ಅರಸನ ನೆವವೆಲ್ಲ ಆ ಕೂಗಿನೊಡನೆ ಕಳಚಿಬೀಳುವುದು. ಮುಂದೆ ಆ ತಾಯಿಮಕ್ಕಳು ನಿಜವಾದ ಕೋಳಿಗಳಾಗಿ ಹುಟ್ಟಿ, ಮುನಿಯ ಉಪದೇಶವನ್ನು ಕೇಳಿ, ಪೂರ್ವಜನ್ಮವನ್ನು ನೆನೆದು ಸಂತೋಷದಿಂದ ಕೂಗುವುವು. ಯಶೋಮತಿಯು ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಯೆದುರು ಮೆರೆಯಲೆಂದು ಆ ದನಿಗೇ ಬಾಣವನ್ನು ಬಿಡುವನು. ಅವನಾದರೋ ಯಶೋಧರನ ಮಗನೇ! ಭಯಕ್ಕಾಗಿ ತಂದೆಯು ಹಿಟ್ಟಿನ ಕೋಳಿಯನ್ನು ಕಡಿದನು. ಬರಿಯ ವಿನೋದಕ್ಕಾಗಿ ಮಗನು ಜೀವದ ಕೋಳಿಗಳನ್ನು ಕೊಂದನು. ಹೀಗೆ ನೋಡಿದರೆ ದಂಡವು ಹೊರಗಿನವರು ವಿಧಿಸಿದ ತೀರ್ಪಲ್ಲ. ಮನೆಯೊಳಗೆ ಬಿತ್ತಿದ ಬೀಜದ ಬೆಳೆ. ಆಕ್ಷೇಪಕ್ಕೆ ಕವಿಯ ಉತ್ತರವು ಇದೇ.

ಟರ್ಕಿ ಕೋಳಿಯು ಜನ್ನನಿಗೆ ತಿಳಿದಿರಲು ಶಕ್ಯವಿರಲಿಲ್ಲ. ಹೆಸರು ಟರ್ಕಿಯದಾದರೂ ಅದರ ತವರು ಅಮೇರಿಕ. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ಅದನ್ನು ತಂದು ಜಹಾಂಗೀರನಿಗೆ ಒಪ್ಪಿಸಿದನು. ಅದರ ತಲೆಯೂ ಕೊರಳೂ ಬಣ್ಣ ಬದಲಿಸುವುದನ್ನು ಬಾದಶಹನು ತನ್ನ ಆತ್ಮಚರಿತೆಯಲ್ಲಿ ಬರೆದಿಟ್ಟನು. ಮನ್ಸೂರನು ಅದರ ಚಿತ್ರವನ್ನು ಬಿಡಿಸಿದನು. ಅಂದು ಆ ಆಸ್ಥಾನದಲ್ಲಿ ಅದು ಕಣ್ಣರಳಿಸಿ ನೋಡತಕ್ಕ ಜೀವಿ. ಇಂದಾದರೋ ಪಾಶ್ಚಾತ್ಯ ದೇಶಗಳಲ್ಲಿ ಎದೆಯ ಮಾಂಸವು ಹೆಚ್ಚಲೆಂದು ತಳಿಯನ್ನು ತಿದ್ದಿ ತಿದ್ದಿ, ದೊಡ್ಡ ಸಾಕಣೆಗಳ ಟರ್ಕಿ ಕೋಳಿಯು ಸಹಜವಾಗಿ ಕೂಡಲಾರದೆ, ಕೃತಕ ಗರ್ಭಧಾರಣೆಯಿಂದಲೇ ಅದರ ಸಂತತಿಯು ನಡೆಯುತ್ತಿರುವುದು. ಅಮೇರಿಕದ ಅಧ್ಯಕ್ಷರು ಹಬ್ಬದ ಮುನ್ನ ಒಂದೆರಡು ಕೋಳಿಗಳಿಗೆ ‘ಕ್ಷಮಾದಾನ’ ಮಾಡುವ ಪದ್ಧತಿಯು 1989ರಿಂದ ನೆಲೆಗೊಂಡಿರುವುದು; ಅದೇ ಹಬ್ಬಕ್ಕೆ ಕೋಟಿಗಟ್ಟಲೆ ಕೋಳಿಗಳು ಹತವಾಗುವುವು. ಕ್ಷಮಿಸಲು ಕೋಳಿಯು ಮಾಡಿದ ಅಪರಾಧವಾದರೂ ಯಾವುದು? ಯಶೋಧರನು ಹಿಟ್ಟಿಗೆ ಜೀವದ ರೂಪವನ್ನು ಕೊಟ್ಟನು. ಈ ಕಾಲದವರು ಜೀವವನ್ನೇ ಹಿಟ್ಟಿನಂತೆ ನಾದುತ್ತಿರುವರು. ಎರಡರಲ್ಲಿ ಯಾವುದು ಘೋರವೆಂಬುದನ್ನು ಸಹೃದಯರೇ ನಿರ್ಣಯಿಸಲಿ.

ಈ ನಾಡಿನಲ್ಲಿ ದೇವಾಲಯಗಳ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆಯು 1959ರಲ್ಲಿಯೇ ಆಯಿತು. ಕುಂಬಳಕಾಯಿಗೆ ಕುಂಕುಮ ಹಚ್ಚಿ ಒಡೆಯುವುದು ರೂಢಿಯಲ್ಲಿದೆ. ಅದನ್ನು ಜನ್ನನ ಕಠೋರದೃಷ್ಟಿಯಿಂದ ನಿಂದಿಸುವುದು ಸಲ್ಲದು. ಒಂದು ಪ್ರಾಣವಾದರೂ ಉಳಿಯಿತಷ್ಟೆ. ಆದರೆ ಕಾಯಿ ಒಡೆದ ಕೈಯೇ ಸಂತೆಯ ದಿನ ಕೋಳಿಗಳ ಕಾಲು ಬಿಗಿದು, ತಲೆಕೆಳಗಾಗಿ ಸೈಕಲ್ಲಿಗೆ ತೂಗುಹಾಕಿದರೆ ಆ ದಯೆಯೂ ಹಿಟ್ಟಿನದೇ. ಮಾಂಸವನ್ನು ಉಣ್ಣುವವರಿಗೂ ಬುಟ್ಟಿಯೊಂದನ್ನು ಒದಗಿಸಿ ನೋವನ್ನು ತಗ್ಗಿಸುವುದು ಅಸಾಧ್ಯವಲ್ಲ. ಯಶೋಧರನಿಗೆ ಆ ಕೂಗು ಕೇಳಿಸಿದುದು ಕತ್ತಿಯು ಬಿದ್ದ ಮೇಲೆ. ಓದಿದವರಿಗೆ ಅದು ಮೊದಲೇ ಕೇಳಿಸಿದರೆ ಕಾವ್ಯವು ಸಫಲವಾದಂತೆ.