ಏಜಾಕ್ಸ್ ಸತ್ತ ಮೇಲಿನ ನಾಟಕ

ಸೊಫೋಕ್ಲಿಸನ ‘ಏಜಾಕ್ಸ್’ ಬಗ್ಗೆ ಪ್ರಾಚೀನ ಕಾಲದಿಂದಲೂ ಒಂದು ದೂರಿದೆ: ನಾಯಕ ಸತ್ತರೂ ನಾಟಕ ಮುಗಿಯುವುದಿಲ್ಲ. 1,420 ಸಾಲುಗಳ ಈ ಕೃತಿಯಲ್ಲಿ 865ನೆಯ ಸಾಲಿಗೆ ಏಜಾಕ್ಸ್ ತನ್ನ ಕತ್ತಿಯ ಮೇಲೆ ಬಿದ್ದು ಪ್ರಾಣ ಬಿಡುತ್ತಾನೆ. ಉಳಿದದ್ದರಲ್ಲಿ ಬಹುಪಾಲು ಅವನ ಹೆಣವನ್ನು ಹೂಳಬೇಕೋ ಬೇಡವೋ ಎಂಬ ಜಗಳ. ಹಳೆಯ ಗ್ರೀಕ್ ಟಿಪ್ಪಣಿಕಾರನೊಬ್ಬ, ಸಾವಿನಾಚೆಗೂ ಕಥೆಯನ್ನು ಎಳೆಯಹೋಗಿ ಕವಿ ರಸಭಂಗ ಮಾಡಿದ್ದಾನೆಂದು ಆಕ್ಷೇಪಿಸಿದ. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಇದಕ್ಕೆ ‘ಜೋಡಿಪಟ’ ಎಂದು ಹೆಸರಿಟ್ಟರು. 1951ರಲ್ಲಿ ವಿಮರ್ಶಕ ವಾಲ್ಡಾಕ್ ಆ ದೋಷವನ್ನು ಸೊಫೋಕ್ಲಿಸನ ಲೆಕ್ಕಕ್ಕೇ ಬರೆದ. ಅಲ್ಲಿಂದೀಚೆಗೆ ಮೊದಲರ್ಧವನ್ನು ಹೊಗಳಿ ಎರಡನೆಯದನ್ನು ಸಹಿಸಿಕೊಳ್ಳುವುದೇ ರೂಢಿಯಾಗಿದೆ.

ಈ ರೂಢಿ ತಪ್ಪು. ಅದೇ ಕವಿಯ ‘ಆಂಟಿಗೊನಿ’ಯಲ್ಲಿ ನಾಯಕಿ ಕೊನೆಯ ಸಲ ರಂಗ ಬಿಟ್ಟು ಹೋದ ಮೇಲೂ ನಾಟಕ ನಾನ್ನೂರು ಸಾಲು ನಡೆಯುತ್ತದೆ. ಅಲ್ಲಿಯೂ ಇರುವುದು ಹೂಳದೆ ಬಿಟ್ಟ ಹೆಣದ ವ್ಯಾಜ್ಯವೇ. ಅದನ್ನು ಮುರುಕು ನಾಟಕ ಎಂದವರು ವಿರಳ.

ಕಥೆ ಓದುಗರಿಗೆ ಗೊತ್ತಿರುವುದೇ. ಅಕಿಲಿಸನ ಆಯುಧಗಳು ತನಗೆ ಬಾರದೆ ಓಡಿಸಿಯಸನ ಪಾಲಾದವು. ಆ ರೋಷದಲ್ಲಿ ಏಜಾಕ್ಸ್ ರಾತ್ರೋರಾತ್ರಿ ಸೇನಾನಾಯಕರನ್ನು ಕೊಲ್ಲಹೊರಟ. ಅಥೀನಾ ಅವನ ಬುದ್ಧಿ ಕೆಡಿಸಿದಳು. ಅವನು ಕಡಿದುಹಾಕಿದ್ದು ದನಕುರಿಗಳನ್ನು. ಬೆಳಗಾದ ಮೇಲೆ ಉಳಿದದ್ದು ಅವಮಾನ.

ನಾಟಕದ ಕೀಲಿಯಿರುವುದು 646ರಿಂದ 692ನೆಯ ಸಾಲಿನವರೆಗಿನ ಮಾತಿನಲ್ಲಿ. ಹಿಂದಿನ ದೃಶ್ಯದಲ್ಲಿ ಏಜಾಕ್ಸ್ ಸಾಯಲು ನಿರ್ಧರಿಸಿದ್ದಾನೆ. ಮಗ ಯೂರಿಸಾಕಿಸನ ಕೈಗೆ ಗುರಾಣಿ ಒಪ್ಪಿಸಿದ್ದಾನೆ. ಬೇಡವೆಂದು ಬೇಡಿಕೊಂಡ ಸಂಗಾತಿ ಟೆಕ್ಮೆಸ್ಸಾಳನ್ನು ಗದರಿ ಒಳಹೋಗಿದ್ದಾನೆ. ಮತ್ತೆ ಹೊರಬಂದಾಗ ಅವನ ಕೈಯಲ್ಲಿ ಕತ್ತಿಯಿದೆ, ದನಿ ಬದಲಾಗಿದೆ. ಎಣಿಕೆಗೆ ಸಿಗದ ಕಾಲ ಅಡಗಿದ್ದನ್ನು ಬೆಳಕಿಗೆ ತಂದು, ಬೆಳಕಿನಲ್ಲಿದ್ದದ್ದನ್ನು ಅಡಗಿಸುತ್ತದೆ ಎನ್ನುತ್ತಾನೆ. ಈ ಹೆಂಗಸಿನ ಮಾತಿಗೆ ತನ್ನ ಕಾಠಿಣ್ಯ ಮೆತ್ತಗಾಯಿತು ಎನ್ನುತ್ತಾನೆ. ಕಡಲ ತೀರಕ್ಕೆ ಹೋಗಿ ಮೈಯ ಕೊಳೆ ತೊಳೆದುಕೊಂಡು, ಹೆಕ್ಟರ್ ಕೊಟ್ಟ ಈ ಕತ್ತಿಯನ್ನು ಯಾರ ಕಣ್ಣಿಗೂ ಬೀಳದಂತೆ ಮಣ್ಣಲ್ಲಿ ಹುದುಗಿಸುವೆನೆನ್ನುತ್ತಾನೆ. ಚಳಿಗಾಲ ಬೇಸಿಗೆಗೆ ದಾರಿ ಬಿಡುತ್ತದೆ, ಇರುಳು ಹಗಲಿಗೆ ಎಡೆಗೊಡುತ್ತದೆ, ಹಿಡಿದ ನಿದ್ದೆಯೂ ಒಮ್ಮೆ ಬಿಡುತ್ತದೆ. ಹಾಗಿರುವಾಗ ನಾವೇಕೆ ಬಾಗಬಾರದು? ಹಗೆಯನ್ನು ಮುಂದೊಮ್ಮೆ ಗೆಳೆಯನಾಗುವವನೆಂಬಂತೆ ದ್ವೇಷಿಸಬೇಕು, ಗೆಳೆಯನಿಗೆ ಎಂದೆಂದಿಗೂ ಹಾಗೇ ಉಳಿಯದವನೆಂಬಂತೆ ಉಪಕಾರ ಮಾಡಬೇಕು.

ಕೇಳಿದ ಮೇಳ ಕುಣಿದಾಡುತ್ತದೆ. ಆದರೆ ಒಂದೊಂದು ವಾಕ್ಯಕ್ಕೂ ಎರಡನೆಯ ಮುಖವಿದೆ. ತೊಳೆಯುವುದು ಹೆಣವನ್ನೂ ಇರಬಹುದು. ಕತ್ತಿ ಮಣ್ಣಲ್ಲಿ ಹುದುಗುವುದು ನಿಜ: ಹಿಡಿ ನೆಲದಲ್ಲಿ, ಅಲಗು ಅವನ ಮೈಯಲ್ಲಿ. ಇನ್ನು ಮುಂದೆ ದೇವರುಗಳಿಗೆ ಮಣಿಯುವೆ, ಅಟ್ರಿಯಸನ ಮಕ್ಕಳಾದ ಸೇನಾನಾಯಕರನ್ನು ಪೂಜಿಸುವೆ ಎಂದಾಗ ಅವನು ಸಲ್ಲಬೇಕಾದ ಗೌರವಗಳನ್ನು ಅದಲುಬದಲು ಮಾಡಿದ್ದಾನೆ. ಪೂಜೆ ದೇವರಿಗೆ, ಮಣಿಯುವುದು ಅರಸರಿಗೆ. ಒಳಗಿನ ಕಹಿ ಇಲ್ಲಿ ಹೊರಗೆ ಇಣುಕಿಬಿಡುತ್ತದೆ.

ಇದು ಸುಳ್ಳೋ ನಿಜವೋ ಎಂದು ವಿದ್ವಾಂಸರು ಪುಟಗಟ್ಟಲೆ ಕಾದಾಡಿದ್ದಾರೆ. ಮನೆಯವರ ಕಣ್ಣು ತಪ್ಪಿಸಿ ಸಾಯಲು ಹೂಡಿದ ಉಪಾಯವೆಂಬುದು ಒಂದು ಪಕ್ಷ. ಸುಳ್ಳಾಡಿ ಗೊತ್ತಿಲ್ಲದ ವೀರನ ಬಾಯಲ್ಲಿ ಇಷ್ಟು ನಯವಾದ ಸುಳ್ಳು ಹೊರಡುವುದೇ? ಬರ್ನಾರ್ಡ್ ನಾಕ್ಸ್ 1961ರ ಲೇಖನದಲ್ಲಿ ಇದನ್ನು ಸ್ವಗತವಾಗಿ ಓದಿದ. ನಾಕ್ಸ್ ಗುರಿಗೆ ಹತ್ತಿರ ಬಂದಿದ್ದಾನೆ. ವಂಚನೆಗೆ ನಾಲ್ಕು ಸಾಲು ಸಾಕಿತ್ತು. ಋತುಗಳ ಮೇಲಿನ ಕಾವ್ಯ ಬೇಕಿರಲಿಲ್ಲ. ಜಗತ್ತು ಬದಲಾಗುತ್ತಲೇ ನಡೆಯುತ್ತದೆಂದು ಏಜಾಕ್ಸನಿಗೆ ಮೊದಲ ಬಾರಿ ಪೂರ್ತಿ ತಿಳಿದಿದೆ. ತನಗೆ ಅಂಥ ಜಗತ್ತಿನಲ್ಲಿ ಜಾಗವಿಲ್ಲವೆಂಬುದೂ ಅದೇ ಗಳಿಗೆಯಲ್ಲಿ ತಿಳಿದಿದೆ.

ಆದರೆ ನಾಕ್ಸನ ಓದಿಗೂ ಒಂದು ಹೆಜ್ಜೆ ಬಾಕಿಯಿದೆ. ಹಗೆ ಗೆಳೆಯನಾಗಬಲ್ಲ ಎಂದು ಏಜಾಕ್ಸ್ ಆಡಿದ ಮಾತನ್ನು ನಡೆಸಿ ತೋರಿಸುವವನು ಓಡಿಸಿಯಸ್, ಅದೂ ಉತ್ತರಾರ್ಧದ ಕೊನೆಯಲ್ಲಿ. ಹೆಣವನ್ನು ಹಕ್ಕಿಗಳಿಗೆ ಬಿಡಬೇಕೆಂದು ಮೆನೆಲಾಸ್ ಬರುತ್ತಾನೆ, ಅವನ ಹಿಂದೆ ಅಗಮೆಮ್ನಾನ್. ಮಲತಮ್ಮ ಟ್ಯೂಸರ್ ಎದುರು ನಿಲ್ಲುತ್ತಾನೆ. ಅಗಮೆಮ್ನಾನ್ ಅವನನ್ನು ದಾಸಿಯ ಮಗನೆಂದು ಹಂಗಿಸುತ್ತಾನೆ. ತಮ್ಮನ ಮಕ್ಕಳನ್ನೇ ಬೇಯಿಸಿ ತಮ್ಮನಿಗೆ ಉಣಬಡಿಸಿದವನ ಮಗ ನೀನು ಎಂದು ಟ್ಯೂಸರ್ ತಿರುಗೇಟು ಕೊಡುತ್ತಾನೆ. ಟಿಪ್ಪಣಿಕಾರನಿಗೆ ಹೇಸಿಗೆಯಾದದ್ದು ಇಂಥ ಬೈಗುಳಕ್ಕೇ. ಆದರೆ ಏಜಾಕ್ಸನಿಲ್ಲದ ಪಾಳೆಯ ಎಷ್ಟು ಕುಬ್ಜವೆಂದು ಕಾಣಬೇಕಾದರೆ ಅದು ಹೀಗೆಯೇ ಮಾತಾಡಬೇಕು. ಆಗ ಓಡಿಸಿಯಸ್ ಬಂದು, ಇವನು ನನ್ನ ಪರಮಶತ್ರು, ಆದರೂ ಅಕಿಲಿಸನನ್ನು ಬಿಟ್ಟರೆ ಟ್ರಾಯ್‌ಗೆ ಬಂದವರಲ್ಲಿ ಇವನೇ ಶ್ರೇಷ್ಠ ಎನ್ನುತ್ತಾನೆ. ಇಂದಿನ ಗೆಳೆಯರೆಷ್ಟೋ ಮಂದಿ ನಾಳೆ ಕಹಿಯಾಗುತ್ತಾರೆ ಎಂಬ ಅವನ ಮಾತು ಏಜಾಕ್ಸ್ ಆಡಿದ್ದೇ. ಹೂಳಲು ಬಿಡೆಂದು ಬೇಡುವುದೇಕೆ ಎಂದರೆ, ನಾನೂ ಒಂದು ದಿನ ಆ ಸ್ಥಿತಿಗೇ ಬರುವವನು ಎಂಬುದು ಅವನ ಉತ್ತರ. ಮೊದಲ ದೃಶ್ಯದಲ್ಲಿ ಅಥೀನಾ ಹುಚ್ಚನನ್ನು ತೋರಿಸಿ ನಗು ಎಂದಾಗ ನಗದೆ ಮರುಗಿದವನೂ ಇವನೇ. ಜೋಡಿಪಟವೆನ್ನುವವರು ಈ ನೇರ ಎಳೆಯನ್ನು ಕಾಣದಿರುವುದು ಆಶ್ಚರ್ಯ.

ಅಥೆನ್ಸಿನ ಪ್ರೇಕ್ಷಕರಿಗೆ ಈ ಹೆಣ ಯಾರೋ ಹೊರಗಿನವನದಾಗಿರಲಿಲ್ಲ. ನಗರದ ಹತ್ತು ಕುಲಗಳಲ್ಲೊಂದಕ್ಕೆ ಏಜಾಕ್ಸನ ಹೆಸರಿತ್ತು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಾಳಗಕ್ಕೆ ಮುನ್ನ ಗ್ರೀಕರು ಅವನನ್ನು ನೆರವಿಗೆ ಕರೆದರೆಂದು ಹೆರೊಡೋಟಸ್ ಬರೆದಿದ್ದಾನೆ. ತಾವು ಪೂಜಿಸುವ ವೀರನಿಗೆ ಗೋರಿ ಸಿಕ್ಕೀತೇ ಎಂಬ ಆತಂಕ ಅವರ ಪಾಲಿಗೆ ಕಥೆಯ ಬಾಲವಾಗಿರಲು ಸಾಧ್ಯವಿಲ್ಲ.

ಈಚಿನ ದಿನಗಳಲ್ಲಿ ನಾಟಕಕ್ಕೆ ಹೊಸ ಕೀರ್ತಿ ಬಂದಿದೆ. ಬ್ರಯಾನ್ ಡೋರಿಸ್ ಅವರ ‘ಥಿಯೇಟರ್ ಆಫ್ ವಾರ್’ ಅಮೆರಿಕದ ಸೈನಿಕರ ಮುಂದೆ ಇದರ ದೃಶ್ಯಗಳನ್ನು ಓದುತ್ತದೆ. ಯುದ್ಧದಿಂದ ಮನಸ್ಸು ಘಾಸಿಗೊಂಡವರು ಬಾಯಿ ಬಿಡಲು ಅದು ನೆರವಾಗಿದೆ. ಆ ಕೆಲಸ ದೊಡ್ಡದು. ಅದರ ಬೆನ್ನಿಗೆ ಹುಟ್ಟಿದ ವಿಮರ್ಶೆ ಮಾತ್ರ ಏಜಾಕ್ಸನನ್ನು ಬರೀ ರೋಗಿಯಾಗಿಸಿದೆ. ಸೇನಾನಾಯಕರನ್ನು ಕೊಲ್ಲಹೊರಟಾಗ ಅವನ ಬುದ್ಧಿ ಸ್ವಸ್ಥವಾಗಿತ್ತು. ಹುಚ್ಚು ಬಂದದ್ದು ಆಮೇಲೆ, ಅವರನ್ನು ಉಳಿಸಲು. ಬುದ್ಧಿ ಮರಳಿದಾಗ ಅವನು ಕೊರಗುವುದು ಗುರಿ ತಪ್ಪಿತಲ್ಲಾ ಎಂದು. ಈ ಭೀಕರತೆಯನ್ನು ಕಾಯಿಲೆಯ ಹೆಸರಿನಲ್ಲಿ ತೊಳೆದುಬಿಟ್ಟರೆ ಓಡಿಸಿಯಸ್ ದಾಟಿಬಂದ ದೂರವೂ ಕಾಣಿಸದು.

ಕನ್ನಡದಲ್ಲಿ ಬಿಎಂಶ್ರೀ 1929ರಲ್ಲಿ ಇದೇ ನಾಟಕವನ್ನು ಅಡಿಪಾಯ ಮಾಡಿಕೊಂಡು ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯಾದ ಅಶ್ವತ್ಥಾಮನನ್ನು ಸಾಯಿಸಬಹುದೇ ಎಂಬ ಚರ್ಚೆ ಆ ಕೃತಿಯ ಸುತ್ತ ಎಷ್ಟು ಬೆಳೆಯಿತೆಂದರೆ, ಸಾವಿನ ನಂತರ ನಾಟಕ ಏನು ಮಾಡಬಹುದೆಂಬ ಸೊಫೋಕ್ಲಿಸನ ಪ್ರಶ್ನೆ ನಮ್ಮಲ್ಲಿ ಬದಿಗೆ ಸರಿಯಿತು.

ಉತ್ತರಾರ್ಧದಲ್ಲಿ ಕುಂದುಗಳಿಲ್ಲವೆಂದಲ್ಲ. ಮೆನೆಲಾಸನ ದೃಶ್ಯ ಉದ್ದವಾಯಿತು. ಮೂವರು ನಟರಷ್ಟೇ ಮಾತಾಡಬಹುದಾದ ಆ ರಂಗಭೂಮಿಯಲ್ಲಿ ಟೆಕ್ಮೆಸ್ಸಾ ಕೊನೆಗೆ ಮೂಕಿಯಾಗಿ ಉಳಿಯುತ್ತಾಳೆ. ಅಷ್ಟು ಕಾಡಿದ ಪಾತ್ರಕ್ಕೆ ಅದು ನಷ್ಟವೇ. ಆದರೆ ಅದೇ ಮಿತಿಯ ಲಾಭವೂ ಇದೆ: ಏಜಾಕ್ಸನಾದ ನಟನೇ ಟ್ಯೂಸರನಾಗಿ ಮರಳಿರಬೇಕೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಸತ್ತವನ ದನಿಯೇ ಅವನ ಹೆಣದ ಪರ ವಾದಿಸಿತ್ತು.

1956ರಲ್ಲಿ ವಿದ್ವಾಂಸ ಕಿಟ್ಟೊ ಓಡಿಸಿಯಸನ ಮೂಲಕ ನಾಟಕದ ಏಕತೆಯನ್ನು ಎತ್ತಿಹಿಡಿದದ್ದು ಸರಿಯಾದ ಕೆಲಸ. ಆದರೆ ಆ ದಾರಿಯಲ್ಲಿ ನಡೆದವರು ನಾಟಕವನ್ನು ಸಾಮರಸ್ಯದ ಕಥೆಯನ್ನಾಗಿಸುತ್ತಾರೆ. ಸಂಸ್ಕಾರಕ್ಕೆ ಕೈಜೋಡಿಸಲೇ ಎಂದು ಓಡಿಸಿಯಸ್ ಕೇಳಿದಾಗ ಟ್ಯೂಸರ್ ಅವನನ್ನು ಮನಸಾರೆ ಹೊಗಳಿ, ಹೆಣವನ್ನು ಮಾತ್ರ ಮುಟ್ಟಬೇಡ, ಸತ್ತವನಿಗೆ ಅದು ಸೇರದು ಎನ್ನುತ್ತಾನೆ. ಓಡಿಸಿಯಸ್ ಒಪ್ಪಿ ಹೊರಟುಹೋಗುತ್ತಾನೆ. ಹಗೆ ಗೆಳೆಯನಾದದ್ದು ಬದುಕಿರುವವರ ನಡುವೆ. ಏಜಾಕ್ಸ್ ಸತ್ತ ಮೇಲೂ ಬಾಗಲಿಲ್ಲ, ಬಾಗಿಸಲು ಸೊಫೋಕ್ಲಿಸ್ ಹೋಗಲೂ ಇಲ್ಲ.